ಸೋರಿಕೆ ಕೇಳುವವನ ಮನೆ

ನಿಶಿಗೋರಿ ತಮೋತ್ಸು ಮೂವತ್ತೆಂಟು ವರ್ಷ ನೆಲಕ್ಕೆ ಕಿವಿಗೊಟ್ಟು ಸಂಬಳ ಎಣಿಸಿಕೊಂಡವನು. ಜಪಾನಿನ ಇವಾತೆ ಪ್ರಾಂತ್ಯದ ಒಂದು ಸಣ್ಣ ಪಟ್ಟಣದ ನೀರು ಸರಬರಾಜು ಕಚೇರಿಯಲ್ಲಿ ಅವನಿಗಿದ್ದ ಕೆಲಸ ಅದೊಂದೇ: ಉಕ್ಕಿನ ಕೋಲನ್ನು ರಸ್ತೆಗೆ ಊರಿ, ಮೇಲ್ತುದಿಗೆ ಕಿವಿಯಿಟ್ಟು, ಕೆಳಗೆ ಕೊಳವೆ ಎಲ್ಲಿ ಸೋರುತ್ತಿದೆ ಎಂದು ಹೇಳುವುದು. ಅವನು ಗುರುತು ಹಾಕಿದಲ್ಲಿ ಅಗೆದರೆ ನೀರು ಸಿಗುತ್ತಿತ್ತು. ಅದಕ್ಕೆ ಯಾರೂ ಹೊಗಳಿದ್ದಿಲ್ಲ. ರಸ್ತೆ ಅಗೆಸಿದ್ದಕ್ಕೆ ಬೈದವರುಂಟು.

ನಿವೃತ್ತನಾದ ವರ್ಷವೇ ಸೋರಿಕೆ ಹುಡುಕುವುದನ್ನು ಕಲಿಸಲು ಲಾವೋಸಿಗೆ ಎರಡು ವರ್ಷ ಸ್ವಯಂಸೇವಕನಾಗಿ ಹೋಗಲು ಅರ್ಜಿ ಹಾಕಿದ. ಯಾಕೆ ಹೋಗಬೇಕು ಅನ್ನಿಸಿತು ಎಂದು ಸಂದರ್ಶನದಲ್ಲಿ ಕೇಳಿದರು. "ಅಲ್ಲೂ ಕೊಳವೆ ಸೋರ್ತವಂತೆ," ಎಂದ. ಆಯ್ಕೆಯಾದ.

ಅವನಿಗೆ ಮದುವೆಯಾಗಿರಲಿಲ್ಲ. ತಾಯಿ ತೀರಿಕೊಂಡು ಆರು ವರ್ಷವಾಗಿತ್ತು. ಹಾಗಾಗಿ ಹೊರಡುವುದೆಂದರೆ ಮನೆಯನ್ನೇ ಮುಚ್ಚುವುದು. ಒಂದು ತಿಂಗಳು ಅದೇ ಕೆಲಸವಾಯಿತು. ಪತ್ರಿಕೆ ನಿಲ್ಲಿಸಿದ. ಕೆಟ್ಟಿದ್ದ ಎರಡು ಹಲ್ಲು ಕೀಳಿಸಿದ. ಒಂದು ತೋಳಿಗೆ ಮೂರು, ಇನ್ನೊಂದಕ್ಕೆ ಎರಡು ಸೂಜಿ ಚುಚ್ಚಿಸಿಕೊಂಡ. ತಾಯಿಯ ಸಮಾಧಿ ತೊಳೆದು, ಮುಂದೆ ಬರಲಾಗದ ಎರಡು ವರ್ಷದ ಕ್ಷಮೆಯನ್ನು ಒಂದೇ ಸಲಕ್ಕೆ ಕೇಳಿ ಬಂದ.

ಓಣಿಯ ಸಂಘದ ಅಧ್ಯಕ್ಷಗಿರಿ ಬಿಡುವುದು ಅಷ್ಟು ಸಲೀಸಾಗಲಿಲ್ಲ. ಅರವತ್ತೊಂದರ ತಮೋತ್ಸುವೇ ಆ ಓಣಿಗೆಲ್ಲ ಚಿಕ್ಕವನು. ಹನ್ನೊಂದು ಮನೆಗಳ ಮುಂದಿನ ಹಿಮವನ್ನು ಅವನೇ ತೆಗೆಯುತ್ತಿದ್ದ. ಮುಂದೆ ಯಾರು ಎಂದು ಸಭೆಯಲ್ಲಿ ಕೇಳಿದಾಗ ಎಲ್ಲರೂ ತಂತಮ್ಮ ಚಹಾದ ಬಟ್ಟಲು ನೋಡಿಕೊಂಡರು. ಕೊನೆಗೆ ಎದುರು ಮನೆಯ ಕುವಾನೊ ಹತ್ಸುಎ ಬಾಯಿಬಿಟ್ಟಳು. ಅವಳಿಗೆ ಎಂಬತ್ನಾಲ್ಕು.

"ನಂಗೇ ಕೊಡಿ. ಸತ್ತುಹೋದ್ರೆ ಇನ್ನೊಬ್ರನ್ನ ಹುಡುಕ್ಕೊಳ್ಳಿ."

ಆ ಧೈರ್ಯದ ಮೇಲೆ ತಮೋತ್ಸು ಮಾರನೆಯ ದಿನ ತಾಯಿಯ ಉಪ್ಪಿನಕಾಯಿ ಜಾಡಿಯನ್ನೂ ಅವಳ ಮನೆಗೆ ಹೊತ್ತುಕೊಂಡು ಹೋದ. ಅದರೊಳಗೆ ತರಕಾರಿ ಹುದುಗಿಸಿಡುವ ಉಪ್ಪುತೌಡಿಗೆ ಐವತ್ತು ವರ್ಷ. ದಿನಕ್ಕೊಮ್ಮೆ ಕೈಹಾಕಿ ತಿರುವದಿದ್ದರೆ ಕೆಟ್ಟುಹೋಗುತ್ತದೆ.

"ನಿಮ್ಮಮ್ಮ ಇದ್ದಾಗ್ಲೇ ನಂಗೆ ಇದರ ವಾಸನೆ ಆಗ್ತಿರ್ಲಿಲ್ಲ," ಎಂದಳು ಹತ್ಸುಎ ಬಾಗಿಲಲ್ಲೇ ನಿಂತು. "ಅವಳೂ ಇಲ್ಲ ಈಗ. ಇನ್ಯಾಕಪ್ಪಾ ಸುಳ್ಳು ಹೇಳ್ಲಿ?"

ತಮೋತ್ಸು ತೌಡನ್ನು ಹಿತ್ತಲಲ್ಲಿ ಹೂತು ಜಾಡಿ ತೊಳೆದು ಬೋರಲು ಹಾಕಿದ. ದುಃಖವಾಯಿತು. ಸಂಜೆ ಅಂಗಡಿಯಿಂದ ಉಪ್ಪಿನಕಾಯಿ ತಂದು ತಿಂದ. ಚೆನ್ನಾಗಿತ್ತು. ಅದರಿಂದ ಇನ್ನೂ ದುಃಖವಾಯಿತು.

ಹೊರಡಲು ಮೂರು ದಿನ ಉಳಿದಿತ್ತು. ಬೆಳಿಗ್ಗೆ ಮನೆಯೊಳಗಿನ ನಲ್ಲಿಗಳನ್ನೆಲ್ಲ ಬಿಗಿಯಾಗಿ ತಿರುಗಿಸಿ, ಗೇಟಿನ ಬಳಿಯ ಮುಖ್ಯ ಕವಾಟ ಸರಿಯಾಗಿ ಮುಚ್ಚುತ್ತದೆಯೇ ಎಂದು ನೋಡಲು ಬಗ್ಗಿದ. ಅಭ್ಯಾಸಬಲದಿಂದ ಕಣ್ಣು ಮೀಟರಿನ ಮೇಲೆ ಹೋಯಿತು. ನಲ್ಲಿಗಳೆಲ್ಲ ಮುಚ್ಚಿದ್ದರೂ ಒಳಗಿನ ಸಣ್ಣ ಚಕ್ರ ತಿರುಗುತ್ತಿತ್ತು. ನಿಧಾನವಾಗಿ, ಆದರೆ ತಿರುಗುತ್ತಿತ್ತು.

"ಏನು ಬಿದ್ದೋಯ್ತು?" ಎಂದಳು ಪೊರಕೆ ಹಿಡಿದು ನಿಂತಿದ್ದ ಹತ್ಸುಎ.

"ಸೋರ್ತಾ ಇದೆ."

"ಎಲ್ಲಿ?"

"ನಮ್ಮನೇಲಿ."

ಅವಳು ಪೊರಕೆ ಅಲ್ಲೇ ಒರಗಿಸಿ, ಮನೆಮನೆಗೆ ಹೋಗಿ ಹೇಳಿ ಬಂದಳು. ಅಧ್ಯಕ್ಷೆಯಾದ ಮೇಲೆ ಅವಳು ಮಾಡಿದ ಮೊದಲ ಕೆಲಸ ಇದು.

ಓಣಿಯ ಜನ ಬಂದು ಸೇರುವಷ್ಟರಲ್ಲಿ ತಮೋತ್ಸು ಕೋಲು ಹಿಡಿದು ಕೋಣೆಯಿಂದ ಕೋಣೆಗೆ ಮಂಡಿಯೂರಿ ಹೋಗುತ್ತಿದ್ದ. ಬಚ್ಚಲಲ್ಲಿ ಇಲ್ಲ. ಅಡುಗೆಮನೆಯಲ್ಲಿ ಇಲ್ಲ. ತಾಯಿಯ ಪಟವಿಟ್ಟ ಪೂಜಾಪೀಠದ ಮುಂದೆ ಕೇಳಿಸಿತು, ಯಾರೋ ಹಲ್ಲಿನ ಸಂದಿಯಿಂದ ಉಸಿರೆಳೆದುಕೊಂಡ ಹಾಗೆ. ಪೀಠ ಸರಿಸಿ, ಚಾಪೆ ಎತ್ತಿ, ಹಲಗೆ ಕಿತ್ತು ಕೆಳಗಿಳಿದು ಮೊಳದಾಳ ಅಗೆದ. ಅಡುಗೆಮನೆಗೆ ಹೋಗುವ ಕೊಳವೆಯ ಕೀಲು ತುಕ್ಕು ಹಿಡಿದು ಜಿನುಗುತ್ತಿತ್ತು. ನೀರು ಸೋರದಂತೆ ಕೀಲಿಗೆ ಸುತ್ತುವ ದಾರವನ್ನು ತೀರಾ ತೆಳ್ಳಗೆ ಸುತ್ತಿದ್ದರು, ಅದೂ ಉಲ್ಟಾ.

"ಯಾವ ದರಿದ್ರದವನ ಕೆಲಸ ಇದು?" ಎಂದು ಮೇಲಿನಿಂದ ಯಾರೋ ಕೇಳಿದರು.

"ನಂದೇ," ಎಂದ ತಮೋತ್ಸು. ಕೆಲಸಕ್ಕೆ ಸೇರಿದ ಮರುವರ್ಷ, ತಾಯಿಗೆ ಹೊಸ ಅಡುಗೆಮನೆ ಕಟ್ಟಿಸುವಾಗ, ಕೂಲಿಯವರು ಬೇಡ, ನಾನೇ ಮಾಡುತ್ತೇನೆ ಎಂದು ಹಟ ಹಿಡಿದು ಹಾಕಿದ ಕೀಲು ಅದು.

"ಪಾಪ," ಎಂದಳು ಹತ್ಸುಎ ಪಟದ ಕಡೆ ನೋಡಿ. "ಇವಳು ಕೇಳಿಸ್ಕೊಂಡೇ ಕೂತಿದ್ಳು. ಮಗನ ಮರ್ಯಾದೆ ಅಂತ ಸುಮ್ನಿದ್ಳು."

ಎಲ್ಲರೂ ನಕ್ಕರು. ತಮೋತ್ಸುವಿಗೆ ನಗಲು ಆಗಲಿಲ್ಲ. ಊರಿಗೆಲ್ಲ ಸೋರಿಕೆ ತೋರಿಸಿದವನು ಇದರ ಮೇಲೆ ಹಾಸಿಗೆ ಹಾಸಿ ಮಲಗಿದ್ದ. ಮೇಲೆ ಹತ್ತಿ ಕೈ ಒರೆಸಿಕೊಂಡು ಫೋನ್ ಎತ್ತಿದ.

"ಯಾರಿಗೆ?"

"ನನ್ನನ್ನ ಲಾವೋಸಿಗೆ ಕಳಿಸೋ ಆಫೀಸಿಗೆ. ಕಲಿಸೋದಕ್ಕೆ ನಾನು ಲಾಯಕ್ಕಲ್ಲ ಅಂತ ಹೇಳ್ಬಿಡ್ತೀನಿ."

"ಚುಚ್ಚಿದ ಸೂಜಿಮದ್ದು ವಾಪಸ್ ತಗೋತಾರೇನಯ್ಯಾ?" ಎಂದಳು ಅವಳು. "ನೋಡು, ಅಧ್ಯಕ್ಷೆ ಆಗಿ ನಂಗೆ ರುಚಿ ಹತ್ತಿದೆ. ನೀನು ಇಲ್ಲೇ ಇದ್ರೆ ವಾಪಸ್ ಕೇಳ್ತೀಯ. ಮೊದ್ಲು ಅದನ್ನ ಸರಿಮಾಡು, ಆಮೇಲೆ ಹೊರಡು."

ಅವನು ಫೋನ್ ಇಟ್ಟ. ಹೊಸ ಕೀಲು ತಂದು, ಈ ಸಲ ದಾರವನ್ನು ಸರಿಯಾಗಿ ಸುತ್ತಿ ಕೂಡಿಸಿದ. ಚಕ್ರ ನಿಂತಿತು. ಹೊರಡುವ ದಿನ ಕವಾಟ ಮುಚ್ಚಿದ. ಹಳೆಯ ಕೀಲನ್ನು ಒಂದು ಕಾಲುಚೀಲದೊಳಗೆ ಹಾಕಿ ಪೆಟ್ಟಿಗೆಯಲ್ಲಿಟ್ಟುಕೊಂಡ. ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ತೆಗೆಸಿ, ಇದೇನು ಎಂದು ವಿಚಾರಿಸಿದರು. "ತಪ್ಪು," ಎಂದ. ಬಿಟ್ಟರು.

ಲಾವೋಸಿನಲ್ಲಿ, ನದೀತೀರದ ಒಂದು ಊರಿನ ನೀರಿನ ಕಚೇರಿಯಲ್ಲಿ, ಮೊದಲ ಪಾಠದ ದಿನ ಅದನ್ನು ಮೇಜಿನ ಮೇಲಿಟ್ಟ. ಆರು ಜನ ಕಲಿಯುವವರು ಕೈಯಿಂದ ಕೈಗೆ ದಾಟಿಸಿ ನೋಡಿದರು. ಹೀಗೆ ಸುತ್ತಿದವನು ಯಾರು ಎಂದು ಕೇಳಿದರು. ತಾನೇ ಎಂದ. ಮುಲಾಜಿಲ್ಲದೆ ನಕ್ಕರು. ಅವನಿಗೂ ನಗು ಬಂತು. 

ಅವರಲ್ಲಿ ಚಂತಲಾ ಎಂಬ ಹುಡುಗಿ ಮಾತ್ರ ಕೀಲನ್ನು ಕೆಳಗಿಡದೆ ಕೇಳಿದಳು: "ಅಲ್ಲ ಮೇಷ್ಟ್ರೇ, ಊರಿನದ್ದೆಲ್ಲ ಕೇಳಿಸ್ತಿತ್ತು. ಮನೇದು ಯಾಕೆ ಕೇಳಿಸ್ಲಿಲ್ಲ?"

ತಮೋತ್ಸು ಹರಕು ಲಾವೋ ಭಾಷೆಯಲ್ಲಿ ಪದ ಹುಡುಕಿಕೊಂಡ.

"ಮನೇಲಿ ಟಿ.ವಿ. ಹಾಕಿರ್ತಿದ್ದೆ," ಎಂದ.