ಚಿಕ್ಕಕ್ಕನ ಗೆದ್ದಲು ಮಡಕೆ

ಟೊಕ್, ಟೊಕ್, ಟೊಕ್. ದೊಡ್ಡೇರಿ ಹತ್ತಿರದ ಆ ಹಳ್ಳಿಯಲ್ಲಿ ಬೆಳಕು ಹರಿಯುವ ಹೊತ್ತಿಗೆ ಮೊದಲು ಕೇಳುತ್ತಿದ್ದುದು ಚಿಕ್ಕಕ್ಕನ ಹಿತ್ತಲಿನ ಈ ಸದ್ದು. ಮಡಕೆಯ ಬೆನ್ನನ್ನು ಬೆರಳ ಗೆಣ್ಣಿನಿಂದ ತಟ್ಟಿ, ಒಳಗಿನ ಗೆದ್ದಲನ್ನೆಲ್ಲ ಅವಳು ಮೊರಕ್ಕೆ ಉದುರಿಸುತ್ತಿದ್ದಳು. ಕೋಳಿಮರಿಗಳು ಒಂದರ ಮೇಲೊಂದು ಬಿದ್ದು ಓಡಿ ಬರುತ್ತಿದ್ದವು.

ಯುದ್ಧದ ವರ್ಷಗಳು ಅವು. ರಾಗಿಗೆ ಲೆವಿ ಬಂದಿತ್ತು; ಸರ್ಕಾರಕ್ಕೆ ಅಳೆದುಕೊಟ್ಟು ಉಳಿದದ್ದಷ್ಟೇ ಮನೆಗೆ. ಮನುಷ್ಯರ ಮುದ್ದೆಯೇ ಸಣ್ಣದಾಗಿರುವಾಗ ಕೋಳಿಗೆ ನುಚ್ಚು ಚೆಲ್ಲುವವರು ಯಾರು? ಹಿಂದಿನ ಸಲದ ಮರಿಗಳು ಹೊಟ್ಟೆಗಿಲ್ಲದೆ ಒಂದೊಂದಾಗಿ ಸತ್ತಿದ್ದವು. ಈ ಸಲದ ಒಂಬತ್ತನ್ನು ಮಾತ್ರ ಉಳಿಸಿಕೊಳ್ಳಲೇಬೇಕಿತ್ತು. ಚೊಚ್ಚಲ ಹೆರಿಗೆಗೆ ಬಂದಿದ್ದ ಮಗಳು ಗಂಗರತ್ನಮ್ಮ ಮೈಯಲ್ಲಿ ರಕ್ತವಿಲ್ಲದೆ ಬಿಳಿಚಿಕೊಂಡಿದ್ದಳು. ದಿನ ತುಂಬಲು ಇನ್ನು ಮೂರು ತಿಂಗಳು. ಅಷ್ಟರಲ್ಲಿ ಮರಿಗಳು ಬೆಳೆದರೆ ಬಾಣಂತಿಗೆ ಕೋಳಿಸಾರು. ಇಲ್ಲದಿದ್ದರೆ ಬರೀ ಮೆಣಸಿನ ಸಾರು.

ಅದಕ್ಕೇ ಚಿಕ್ಕಕ್ಕ ತನ್ನ ತಾಯಿಯಿಂದ ಕಲಿತಿದ್ದ ಕೆಲಸಕ್ಕೆ ಕೈಹಾಕಿದಳು. ಹಳೆ ಮಡಕೆಗೆ ಒದ್ದೆ ಸಗಣಿ, ರಾಗಿಹುಲ್ಲು ತುರುಕಿ, ಗೆದ್ದಲು ಓಡಾಡುವ ನೆಲದ ಮೇಲೆ ಸಂಜೆ ಬೋರಲು ಹಾಕುವುದು. ಬಿಸಿಲೇರುವ ಮೊದಲು ಎತ್ತಿ ತರುವುದು. ತಡವಾದರೆ ಮಡಕೆ ಕಾದು ಹುಳ ಮಣ್ಣಿಗಿಳಿದುಬಿಡುತ್ತದೆ. ತನಗಿಂತ ಮೊದಲು ಕೋಳಿಗಳಿಗೇ ಎಲೆ ಹಾಕುತ್ತಾಳೆಂದು ಗಂಡ ಬೋರಪ್ಪ ಜಗಲಿಯಲ್ಲಿ ಕೂತು ಹೋಗಿಬರುವವರನ್ನೆಲ್ಲ ನಗಿಸುತ್ತಿದ್ದ.

ತಿಂಗಳೊಳಗೆ ಹಿತ್ತಲು, ಬದು ಎಲ್ಲ ಬರಿದಾಯಿತು. ಉಳಿದದ್ದು ಪಕ್ಕದ ಪರ್ವತಯ್ಯನವರ ಹೊಲದಲ್ಲಿ ಹುತ್ತದ ಆಸುಪಾಸು. ನಾಗಪ್ಪನ ಮನೆ ಅದು. ಮುಟ್ಟುವ ಧೈರ್ಯ ಅವಳಿಗಿರಲಿಲ್ಲ. ಎಂಟು ಹೆಜ್ಜೆ ಅಳೆದು, ಆಚೆಗೆ ಮಡಕೆ ಬೋರಲು ಹಾಕಿ ಬಂದಳು.

ಬೆಳಗ್ಗೆ ಹೋದರೆ ಮಡಕೆಗೆ ಅರಿಶಿನ, ಕುಂಕುಮ, ಎರಡು ಕಣಗಿಲೆ ಹೂವು. ಸುರಿದ ಹಾಲು ಇಳಿದು ನೆಲ ಒದ್ದೆಯಾಗಿತ್ತು. ಪಕ್ಕದಲ್ಲಿ ಪರ್ವತಯ್ಯನವರ ತಾಯಿ ದಾಕ್ಷಾಯಣಮ್ಮ ಕಣ್ಣುಮುಚ್ಚಿ ನಿಂತಿದ್ದರು. ಕೋಳಿ ಸಾಕಿ ಗೊತ್ತಿಲ್ಲದ ಮನೆಯವರು. ಹುತ್ತದ ಬಳಿ ಸಗಣಿ ಮೆತ್ತಿದ ಮಡಕೆ ಕಂಡು, ಯಾರೋ ಹರಕೆ ಹೊತ್ತು ಇಟ್ಟದ್ದೆಂದು ಅದಕ್ಕೂ ಪೂಜೆ ಮಾಡಿಬಿಟ್ಟಿದ್ದರು.

ಚಿಕ್ಕಕ್ಕ ಅಲ್ಲೇ ಕುಕ್ಕರಿಸಿದಳು. ಪೂಜೆಯಾದದ್ದನ್ನು ಎತ್ತುವುದು ಹೇಗೆ? ಬಿಟ್ಟುಹೋದರೆ ಮರಿಗಳಿಗೇನು? ಮುದುಕಿ ಹೋಗುವವರೆಗೆ ಮರೆಯಲ್ಲಿ ಕಾಯಬಹುದಿತ್ತು. ಆದರೆ ಬಸುರಿ ಮಗಳನ್ನು ಮನೆಯಲ್ಲಿಟ್ಟುಕೊಂಡು ನಾಗಪ್ಪನ ಎದುರು ಕದಿಯಲು ಮನಸ್ಸು ಬರಲಿಲ್ಲ.

“ಅಮ್ಮಾರೇ, ತೆಪ್ಪು ತಿಳ್ಕಾಬ್ಯಾಡಿ. ಆ ಮಡಕೆ ನಂದು.”

ಹರಕೆಯದಾ ಎಂದು ಅವರು ಕೇಳಿದರು. ಅಲ್ಲ, ಗೆದ್ದಲು ಹಿಡಿಯಲು ಎಂದಳು. ಗೆದ್ದಲು ಯಾರಿಗೆ? ಕೋಳಿಮರಿಗೆ. ದಾಕ್ಷಾಯಣಮ್ಮ ಸೆರಗನ್ನು ಮೂಗಿಗೊತ್ತಿ ಹಿಂದೆ ಸರಿದರು. ಚಿಕ್ಕಕ್ಕ ತಲೆ ಎತ್ತದೆ ಮಗಳ ವಿಷಯವನ್ನೆಲ್ಲ ಹೇಳಿದಳು. ಐದು ಹೆತ್ತು ಎರಡು ಉಳಿಸಿಕೊಂಡವರು ದಾಕ್ಷಾಯಣಮ್ಮ. ಹುತ್ತಕ್ಕೆ ಒಮ್ಮೆ ಕೈಮುಗಿದರು. ಆಮೇಲೆ ಬಗ್ಗಿ, ಹೂವು ತೆಗೆದು ಹುತ್ತದ ಮೇಲಿಟ್ಟು, ಮಡಕೆಯ ಕುಂಕುಮವನ್ನು ತಮ್ಮ ಸೆರಗಿನಿಂದಲೇ ಒರೆಸಿದರು.

“ಪೂಜೆ ನಂದು, ನಾನೇ ಹಿಂದಕ್ಕೆ ತಗೊಂಡೆ. ಇನ್ನು ಅದು ಬರೀ ಮಡಕೆ ಕಣೇ, ಎತ್ಕೋ. ನಾಳೆಯಿಂದ ಆ ಹೊಂಗೆ ಮರದ ತಾವ ಇಡು. ಅಲ್ಲಿಗೆ ನಾನು ಹಾಲು ತರಾಕಿಲ್ಲ.”

ಪರ್ವತಯ್ಯನೋರು ಬೈದರೆ ಎಂದಳು. ಅವನನ್ನು ಹೆತ್ತವಳು ನಾನು ಎಂದರು.

ಮಡಕೆ ಎತ್ತಿದಳು. ಹುಳ ಇನ್ನೂ ಇಳಿದಿರಲಿಲ್ಲ. ಹುಲ್ಲಿನ ತುಂಬ ಬೆಳ್ಳಗೆ ಮಿಜಿಗುಡುತ್ತಿತ್ತು. ಹೆರಿಗೆಗೆ ಸೂಲಗಿತ್ತಿಯನ್ನು ಗೊತ್ತುಮಾಡಿದ್ದೀಯಾ ಎಂದು ಮುದುಕಿ ಕೇಳುವಷ್ಟರಲ್ಲಿ ಅವಳು ಮಡಕೆಯನ್ನು ಎದೆಗವಚಿಕೊಂಡು ಬದು ಇಳಿಯುತ್ತಿದ್ದಳು.

“ಹೇಳಿವ್ನಿ ಅಮ್ಮಾರೇ, ಬಿಸ್ಲು ಬಂದ್ಬುಡ್ತು, ಸಾಯಂಕಾಲ ಬಂದು ಎಲ್ಲಾನೂ ನಿಮ್ತಾವ ಕುಂತು…”