ಹಂಚು ಒಣಗಿಸುವ ಕೋಣೆಯಲ್ಲಿ ಮೂವರು

ಅನಗೋಳದ ಸಿದ್ದಪ್ಪ ಮಿಸ್ತ್ರಿಗೆ ಕಟ್ಟಿಗೆಯ ಅಚ್ಚು ಮಾಡುವುದರಲ್ಲಿ ಎಷ್ಟು ಕೈಚಳಕವಿತ್ತೋ, ಬಾಯಿ ಮುಚ್ಚಿಕೊಂಡಿರುವುದು ಅಷ್ಟೇ ಕಷ್ಟವಾಗಿತ್ತು. ಕಬ್ಬಿಣದ ಎರಕ ಹೊಯ್ಯುವ ಫೌಂಡ್ರಿಯಲ್ಲಿ ಕೂದಲೆಳೆಯಷ್ಟು ತಪ್ಪಿದ್ದರೂ ಹುಡುಕಿ ಹೇಳುವುದು ಅವನ ಕೆಲಸ. ಆ ಚಟವನ್ನು ಕೇರಂ ಬೋರ್ಡಿಗೂ ತಂದ, ಅಲ್ಲೇ ಎಡವಿದ.

ಪ್ರತಿ ರವಿವಾರ ಖಾನಾಪುರದಿಂದ ರೈಲು ಹತ್ತಿ ಆಡಲು ಬರುತ್ತಿದ್ದ ಈರಣ್ಣ ಇಪ್ಪತ್ತು ವರ್ಷಗಳಿಂದ ಅವನ ಆಟದ ಜೋಡಿ. 2000ದ ದಸರೆಯ ಪಂದ್ಯದಲ್ಲಿ ಕೊನೆಯ ಕಾಯಿ ಹೊಡೆಯುವಾಗ ಈರಣ್ಣನ ಮೊಣಕೈ ಬೋರ್ಡಿನ ಗಡಿ ದಾಟಿತು. ಎದುರಾಳಿಗಳು ನೋಡಲಿಲ್ಲ, ಪಂಚರೂ ನೋಡಲಿಲ್ಲ. ಸಿದ್ದಪ್ಪ ನೋಡಿದ, "ಮೊಣಕೈ ದಾಟೇತಿ, ಫೌಲ್" ಎಂದು ಒದರಿಯೇಬಿಟ್ಟ. ಗೆದ್ದ ಆಟ ಸೋತರು. ಚಹಾ ಸಹ ಕುಡಿಯದೆ ಎದ್ದು ಹೋದ ಈರಣ್ಣ ಎಂಟು ತಿಂಗಳಾದರೂ ಇತ್ತ ತಲೆ ಹಾಕಲಿಲ್ಲ. ನಾನೇನು ಸುಳ್ಳು ಹೇಳಿದೆನೇ ಎಂದು ಸಿದ್ದಪ್ಪನೂ ಹಟ ಹಿಡಿದು ಕೂತ. ಆದರೆ ರವಿವಾರ ಬಂತೆಂದರೆ ಅವನಿಗೆ ಊಟ ರುಚಿಸುತ್ತಿರಲಿಲ್ಲ.

ಅಷ್ಟರಲ್ಲಿ ಫೌಂಡ್ರಿಗೆ ಹೊಸ ಯಂತ್ರ ಕೂಡಿಸಲು ಫಿನ್ಲೆಂಡಿನಿಂದ ಕೌಕೊ ಎಂಬ ಐವತ್ತರ ಆಸಾಮಿ ಬಂದ. ಸಿದ್ದಪ್ಪನ ಮನೆಯ ಮೇಲಿನ ಕೋಣೆಯೇ ಅವನ ಬಿಡಾರ. ಕೇರಂ ಬೋರ್ಡ್ ಕಂಡವನೇ ಬೂಟು ಕಳಚಿ ಬಂದು ಕೂತ. ಆದರೆ ಮಾತೇ ಇಲ್ಲ. ಗೆದ್ದರೂ ಇಲ್ಲ, ಸೋತರೂ ಇಲ್ಲ.

"ಸಾಹೇಬ್ರು ಸಿಟ್ಟಾಗ್ಯಾರ ಅನಸ್ತದ," ಎಂದು ಹೆಂಡತಿ ಗೌರವ್ವ ಅವನ ತಾಟಿಗೆ ಇನ್ನೊಂದು ಹೋಳಿಗೆ ಹಾಕಿದಳು.

ಸಿಟ್ಟಲ್ಲ, ಅವರ ಕಡೆ ಗೆಳೆಯರು ಹೀಗೆ ಸುಮ್ಮನೆ ಕೂತರೆ ಸುಖವಾಗಿದ್ದಾರೆಂದೇ ಅರ್ಥ ಎಂಬುದು ತಿಳಿಯಲು ಇವರಿಗೆ ತಿಂಗಳು ಹಿಡಿಯಿತು.

ಜೂನ್ ತಿಂಗಳಲ್ಲಿ ಕೌಕೊ ಒಂದು ಫೋಟೊ ತೋರಿಸಿದ. ಕೆರೆ ದಂಡೆಯ ಕಟ್ಟಿಗೆಯ ಮನೆ, ಮೇಜಿನ ತುಂಬ ಬಣ್ಣ ಬಳಿದ ಬೆರಳುದ್ದದ ಸಿಪಾಯಿ ಬೊಂಬೆಗಳು, ದಾಳಗಳು, ಸುತ್ತ ಅವನೂ ಅವನ ಗೆಳೆಯರೂ ಸೇರಿ ಆರು ಮಂದಿ ಗಡ್ಡದ ಗಂಡಸರು. ಪ್ರತಿ ವರ್ಷ ಇದೇ ವಾರ ಸೇರುತ್ತಾರಂತೆ. ಹಗಲೆಲ್ಲ ಮೇಜಿನ ಮೇಲೆ ಬೊಂಬೆಗಳ ಯುದ್ಧದಾಟ, ಸಂಜೆ ಸೌನಾ ಎಂಬ ಕಾದ ಕೋಣೆಯಲ್ಲಿ ಒಟ್ಟಿಗೆ ಕೂತು ಬೆವರುವುದು. ಮೇಜಿನ ಜಗಳವನ್ನು ಆ ಕೋಣೆಯೊಳಗೆ ಒಯ್ಯುವಂತಿಲ್ಲ.

"ಈ ವರ್ಷ ನಾನೊಬ್ಬ ಇಲ್ಲ," ಎಂದು ಹರಕು ಇಂಗ್ಲಿಷಿನಲ್ಲಿ ಹೇಳಿ ಫೋಟೊವನ್ನು ಕಿಸೆಗೆ ಹಾಕಿಕೊಂಡ. ಆಡುವ ಜೋಡಿ ಇಲ್ಲದ ರವಿವಾರ ಹೇಗಿರುತ್ತದೆಂದು ಸಿದ್ದಪ್ಪನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಸಾಹೇಬನಿಗೆ ಇಲ್ಲೇ ಒಂದು ಸೌನಾ ಮಾಡಿಕೊಡಬೇಕು ಎಂದುಕೊಂಡ, ಆದರೆ ಅವನಿಗೆ ಗೊತ್ತಿದ್ದ ಕಾದ ಕೋಣೆ ಒಂದೇ. ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಮಳೆಗಾಲಕ್ಕೆ ಹಸಿ ಹಂಚು ಒಣಗಿಸುವ ಕೋಣೆ. ಅದರ ಕೀಲಿ ಇರುವುದು ಅಲ್ಲೇ ಕೆಲಸಕ್ಕಿರುವ ಈರಣ್ಣನ ಉಡಿದಾರದಲ್ಲಿ. ಎರಡು ದಿನ ಮೀನಮೇಷ ಎಣಿಸಿ ಸಿದ್ದಪ್ಪ ರೈಲು ಹತ್ತಿದ.

"ನನಗಲ್ಲ, ಸಾಹೇಬ್ರ ಸಲುವಾಗಿ ಬಂದೇನಿ," ಎಂದು ಎಲ್ಲ ವಿವರಿಸಿದ.

"ಐತ್ವಾರ ಖಾಲಿ ಇರ್ತೈತಿ. ಕರ್ಕೊಂಡ ಬಾ," ಎಂದ ಈರಣ್ಣ. ಕುಂದರು ಎನ್ನಲಿಲ್ಲ.

ರವಿವಾರ ಹೊರಗೆ ಜಡಿಮಳೆ. ಒಳಗೆ ಮೂವರೂ ಟವೆಲ್ ಸುತ್ತಿಕೊಂಡು ಹಲಗೆಯ ಮೇಲೆ ಸಾಲಾಗಿ ಕೂತರು. ಭಟ್ಟಿಯಲ್ಲಿ ಕಾಯಿಸಿ ತಂದ ಕಲ್ಲುಗಳ ಮೇಲೆ ಕೌಕೊ ನೀರು ಚಿಮುಕಿಸಿದ, ಉಗಿ ಮುಖಕ್ಕೆ ರಾಚಿತು. ಕಾಲು ಗಂಟೆಗೆ ಕೌಕೊ ಎದ್ದು ಹೋಗಿ ಮಳೆಯಲ್ಲಿ ನಿಂತ. ಇವರಿಬ್ಬರೂ ಏಳಲಿಲ್ಲ. ಸಾಹೇಬ ಔಟಾದ, ಇನ್ನು ಯಾರು ಮೊದಲು ಏಳುತ್ತಾರೋ ಅವರು ಸೋತಂತೆ ಎಂದು ಇಬ್ಬರೂ ತಮ್ಮಷ್ಟಕ್ಕೆ ತಾವೇ ಪಂದ್ಯ ಕಟ್ಟಿಕೊಂಡಿದ್ದರು. ಇಪ್ಪತ್ತು ವರ್ಷ ಬೋರ್ಡಿನ ಮುಂದೆ ಕೂತ ಮಹಾಶಯರಿಗೆ ಬೇರೆ ಇನ್ನೇನು ಹೊಳೆದೀತು? ಇಬ್ಬರ ಮುಖವೂ ಕೆಂಡವಾಯಿತು, ಉಸಿರು ಮೇಲಾಯಿತು.

"ಮೊಣಕೈ ದಾಟಿತ್ತು. ನನಗೂ ಗೊತ್ತಿತ್ತು," ಎಂದ ಈರಣ್ಣ, ಗೋಡೆ ನೋಡುತ್ತ.

ಎಂಟು ತಿಂಗಳಿಂದ ಸಿದ್ದಪ್ಪ ಕಾಯುತ್ತಿದ್ದುದು ಈ ಮಾತಿಗೇ. ಕೇಳಿದ ಮೇಲೆ ಖುಷಿಯಾಗಲಿಲ್ಲ, ನಾಚಿಕೆಯಾಯಿತು.

"ಅಷ್ಟ ಮಂದಿ ಮುಂದ ನಾ ಒದರಬಾರ್ದಿತ್ತು. ನಿನ್ನ ಕಿವ್ಯಾಗ ಹೇಳಿದ್ರ ನೀನ ಒಪ್ಕೊಂತಿದ್ದಿ."

"ಒಪ್ಕೊಂತಿದ್ನಿ. ಈಗ ಏಳ ಮಾರಾಯಾ, ಇಲ್ಲಾಂದ್ರ ಇಬ್ರೂ ಹಂಚ ಆಗ್ತೀವಿ."

ಒಬ್ಬರ ಹೆಗಲು ಒಬ್ಬರು ಹಿಡಿದು ಹೊರಬಂದರು. ಇಷ್ಟು ಹೊತ್ತು ಏಕೆ ಕೂತಿರಿ, ಬಿಸಿಯಾದರೆ ಎದ್ದು ಬರಬೇಕು, ಇದರಲ್ಲಿ ಗೆಲ್ಲುವುದೇನಿದೆ ಎಂದು ಕೌಕೊ ಗಾಬರಿಯಿಂದ ಕೇಳಿದ. ಇಬ್ಬರೂ ಮುಖ ಮುಖ ನೋಡಿಕೊಂಡು ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಮೂವರೂ ಮಳೆಯಲ್ಲಿ ಸುಮ್ಮನೆ ನಿಂತರು.

ಸಂಜೆ ಸ್ಟೇಶನ್ನಿಗೆ ಬಿಡಲು ಬಂದ ಈರಣ್ಣ, ರೈಲು ಹೊರಡುವಾಗ ಕಿಟಕಿಯ ಹತ್ತಿರ ಬಂದು ಕೇಳಿದ, "ಬರೂ ಐತ್ವಾರ ಎಷ್ಟ ಗಂಟೇಕ ಆಟ?"

ಇಪ್ಪತ್ತು ವರ್ಷದಲ್ಲಿ ಆ ಹೊತ್ತು ಒಮ್ಮೆಯೂ ಬದಲಾಗಿರಲಿಲ್ಲ. ಕಾಡಿಸುವ ಮಾತು ಸಿದ್ದಪ್ಪನ ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡ.

"ಹತ್ತಕ್ಕ," ಎಂದ.