ಅಕ್ಕನ ಸೊಪ್ಪಿನ ಕೋಣೆ

ಹೋದ ತಿಂಗಳು ಚಿಕ್ಕಬಳ್ಳಾಪುರದ ಪಶು ಔಷಧಿ ಅಂಗಡಿಯೊಂದರಲ್ಲಿ ನಿಂತಿದ್ದೆ. ನಮ್ಮ ನಾಯಿ ಚುಕ್ಕಿಯ ಕಿವಿಯ ಹಿಂದೆ ಮತ್ತೆ ಉಣ್ಣೆಗಳು ಕಚ್ಚಿಕೊಂಡಿದ್ದವು. ಅಂಗಡಿಯವನು ಪೌಡರಿನ ಡಬ್ಬಿ ತೆಗೆದು ಮೇಜಿನ ಮೇಲೆ ಟಪ್ಪೆಂದು ಇಟ್ಟ. ಮುಚ್ಚಳ ಸಡಿಲವಿದ್ದಿರಬೇಕು, ಸ್ವಲ್ಪ ಬಿಳಿ ಪುಡಿ ಮೇಲೆದ್ದು ಅದರ ಘಾಟು ಮೂಗಿಗೆ ಹೊಡೆಯಿತು. ನಾನು ಎರಡು ಹೆಜ್ಜೆ ಹಿಂದೆ ಸರಿದು, ಬೇಕಾದ್ದಕ್ಕಿಂತ ಜೋರಾಗಿ, "ಪೌಡರ್ ಬೇಡ, ಮಾತ್ರೆ ಕೊಡಿ" ಅಂದೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದಾರಾ ಮೇಡಮ್ ಅಂತ ಅವನು ಕೇಳಿದ. ಹೌದು ಅಂದೆ. ನನ್ನ ಮಗಳು ಪಿಯುಸಿ ಓದುತ್ತಿದ್ದಾಳೆ. ಸುಳ್ಳು ಹೇಳುವುದು ನನಗೆ ಅಷ್ಟು ಸಲೀಸು ಅನ್ನುವುದು ಅಂಗಡಿಯ ಮೆಟ್ಟಿಲು ಇಳಿಯುವಾಗ ಹೊಳೆಯಿತು, ಆಮೇಲೆ ಪಕ್ಕದ ಮನೆಯ ಅಕ್ಕ ನೆನಪಾದರು. ನೆನಪಾದರು ಅಂದರೂ ಸುಳ್ಳೇ. ಅವರನ್ನು ಮರೆತೇ ಇರಲಿಲ್ಲ, ಮರೆತವಳ ಹಾಗೆ ಓಡಾಡಿಕೊಂಡಿದ್ದೆ.

ಏಳೆಂಟು ವರ್ಷದ ಹಿಂದೆ, ಮಗಳಿನ್ನೂ ಪ್ರೈಮರಿ ಶಾಲೆಯಲ್ಲಿದ್ದಾಗ, ನಾವು ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ಹೋಗುವ ರಸ್ತೆಯ ಒಂದು ಹಳ್ಳಿಯ ಅಂಚಿನಲ್ಲಿ ಬಾಡಿಗೆಗಿದ್ದೆವು. ನನ್ನ ಗಂಡ ಗೌರಿಬಿದನೂರಿನ ಕಾಲೇಜಿನಲ್ಲಿ ಮೇಷ್ಟ್ರು. ಬೆಳಗ್ಗೆ ಹೋದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ನನ್ನದು ರಕ್ತ ಪರೀಕ್ಷೆಯ ಯಂತ್ರ ಮಾರುವ ಕಂಪನಿಯ ಕೆಲಸ. ಆಸ್ಪತ್ರೆಗೆ ಯಂತ್ರ ಬಂದ ಮೇಲೆ ಅಲ್ಲಿನ ಲ್ಯಾಬಿನವರಿಗೆ ಅದನ್ನು ಬಳಸುವುದು ಕಲಿಸಬೇಕು. ಬಳ್ಳಾರಿ, ರಾಯಚೂರು, ಅನಂತಪುರ, ಸೇಲಂ... ತಿಂಗಳಿನ ಅರ್ಧ ದಿನಗಳಲ್ಲಿ ನನ್ನ ಹಲ್ಲುಜ್ಜುವ ಬ್ರಷ್ಷು ಬ್ಯಾಗಿನಲ್ಲೇ ಇರುತ್ತಿತ್ತು. ಇದರ ನಡುವೆ ಮಗಳು ಹಟ ಮಾಡಿ ನಾಯಿಮರಿ ತರಿಸಿದ್ದಳು. ತಂದದ್ದು ಅವಳು, ಸಾಕುವ ಪಟ್ಟ ನನಗೆ.

ಹೊರಡುವ ಮುಂಚೆ ನಾನೊಂದು ಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸುತ್ತಿದ್ದೆ. ದೋಸೆ ಹಿಟ್ಟು ಎಷ್ಟು ದಿನಕ್ಕೆ, ಯೂನಿಫಾರ್ಮ್ ಎಲ್ಲಿ, ಗ್ಯಾಸ್ ಬುಕ್ ಮಾಡಿದ್ದಾಯಿತಾ, ಚುಕ್ಕಿಗೆ ಊಟ ಎಷ್ಟು. ನೆಂಟರಿಷ್ಟರು ಬಂದಾಗ ಅದನ್ನು ಓದಿ "ಎಷ್ಟು ಚೆನ್ನಾಗಿ ನಿಭಾಯಿಸ್ತೀಯಮ್ಮ" ಅನ್ನುತ್ತಿದ್ದರು. ನಾನು ನಾಚಿಕೊಂಡಂತೆ ಮಾಡಿ ಒಳಗೊಳಗೇ ಬೀಗುತ್ತಿದ್ದೆ. ನಿಜವಾಗಿ ನಿಭಾಯಿಸುತ್ತಿದ್ದದ್ದು ಪಕ್ಕದ ಮನೆಯ ಅಕ್ಕ. ಮಗಳು ಶಾಲೆಯಿಂದ ಬಂದು ಬ್ಯಾಗ್ ಎಸೆಯುತ್ತಿದ್ದದ್ದು ಅವರ ಜಗಲಿಯ ಮೇಲೆ. ಚುಕ್ಕಿ ಮಧ್ಯಾಹ್ನ ಮಲಗುತ್ತಿದ್ದದ್ದೂ ಅವರ ಮನೆಯಲ್ಲಿ. ಪಟ್ಟಿಯಲ್ಲಿ ಎಲ್ಲೂ ಅವರ ಹೆಸರಿರಲಿಲ್ಲ.

ಅಕ್ಕ ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಗಂಡ ಚಿಂತಾಮಣಿ ಕಡೆಯ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್, ಮನೆಯಲ್ಲಿದ್ದರೂ ಇಲ್ಲದ ಹಾಗಿರುವ ಮೌನಿ. ಮಗಳನ್ನು ಮದುವೆ ಮಾಡಿ ಕೊಟ್ಟಾಗಿತ್ತು. ಅಕ್ಕ ಮನೆಯ ಹಿಂದೆ ಶೀಟು ಹಾಕಿಸಿ ರೇಷ್ಮೆ ಹುಳು ಸಾಕುತ್ತಿದ್ದರು. ಎರಡು ಮೈಲಿ ಆಚೆ ಅವರ ತಮ್ಮನ ಹಿಪ್ಪುನೇರಳೆ ತೋಟ. ತಮ್ಮ ಬೆಳಗ್ಗೆ ಸೊಪ್ಪಿನ ಹೊರೆಯನ್ನು ಬೈಕಿಗೆ ಕಟ್ಟಿಕೊಂಡು ಬಂದು ಇಳಿಸಿ, ಅಕ್ಕನ ಕೈಯಲ್ಲಿ ತಿಂಡಿ ತಿಂದು ಹೋಗುತ್ತಿದ್ದರು. ಗೌರಿ ಹಬ್ಬಕ್ಕೆ ತವರಿನ ಬಾಗಿನ ತರುವಾಗ ಮಾತ್ರ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬರುತ್ತಿದ್ದರು. ಆ ದಿನ ಅಕ್ಕ ಬೆಳಗಿನಿಂದ ಬಾಗಿಲಿಗೂ ಒಲೆಗೂ ಓಡಾಡುವುದನ್ನು ನೋಡಿ ನನಗೆ ನಗು ಬರುತ್ತಿತ್ತು. ದಿನಾ ನೋಡುವ ತಮ್ಮನಿಗೆ ಇಷ್ಟೊಂದು ಸಡಗರವೇ ಅಂತ.

ಅಕ್ಕ ಹುಳುಗಳ ಜೊತೆ ಕನ್ನಡದಲ್ಲಿ, ಚುಕ್ಕಿಯ ಜೊತೆ ತೆಲುಗಿನಲ್ಲಿ ಮಾತಾಡುತ್ತಿದ್ದರು. "ರಾ ಬಂಗಾರು" ಅಂದರೆ ಸಾಕು, ಅದು ಬಾಲ ಆಡಿಸಿಕೊಂಡು ಹೋಗುತ್ತಿತ್ತು. ಹುಳು ಮನೆಯೊಳಗೆ ಅದನ್ನು ಬಿಡುತ್ತಿರಲಿಲ್ಲ. ಅಲ್ಲಿಗೆ ನನ್ನನ್ನೂ ಸುಮ್ಮನೆ ಬಿಡುತ್ತಿರಲಿಲ್ಲ. ಕಾಲು ತೊಳೆಯಬೇಕು, ಸೆಂಟು ಬಳಿದುಕೊಂಡಿರಬಾರದು. ಅವರ ಕಿಟಕಿಯ ಕಡೆ ಯಾರೂ ಸೊಳ್ಳೆ ಬತ್ತಿ ಹಚ್ಚುವ ಹಾಗಿರಲಿಲ್ಲ. "ಇವು ಮನುಷ್ಯರ ಥರ ಅಲ್ಲ ಕಣಮ್ಮ, ವಾಸನೆಗೇ ಸತ್ತೋಗ್ತವೆ" ಅನ್ನುತ್ತಿದ್ದರು. ಆದರೆ ಹುಳು ಮನೆಗೆ ಅಂಟಿಕೊಂಡ ಸೊಪ್ಪಿನ ಕೋಣೆಗೆ ಚುಕ್ಕಿ ನುಸುಳುತ್ತಿತ್ತು. ಸೊಪ್ಪು ಬಾಡದಿರಲಿ ಎಂದು ರಾಶಿಯ ಮೇಲೆ ಒದ್ದೆ ಗೋಣಿತಟ್ಟು ಹೊದಿಸಿರುತ್ತಿದ್ದರು. ಬಿಸಿಲೇರಿದಾಗ ಚುಕ್ಕಿ ಆ ತಟ್ಟಿನ ಮೇಲೆ ನಾಲ್ಕು ಕಾಲೂ ಚಾಚಿ ಮಲಗಿಬಿಡುತ್ತಿತ್ತು. ಅಕ್ಕ ಬೈದು ಎಬ್ಬಿಸುತ್ತಿದ್ದರು, ಅದು ಮತ್ತೆ ಹೋಗುತ್ತಿತ್ತು. ನಾನೇ ಒಮ್ಮೆ ಅದರ ಫೋಟೋ ತೆಗೆದಿದ್ದೆ. ಆದ್ದರಿಂದ ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ. ವಾಸನೆಗೆ ಹುಳು ಸಾಯುವುದು, ಚುಕ್ಕಿ ಆ ತಟ್ಟಿನ ಮೇಲೆ ಮಲಗುವುದು, ಎರಡೂ ಗೊತ್ತಿತ್ತು.

ಆ ವರ್ಷ ದಸರಾ ರಜೆಗೆ ಮೂವರೂ ಗೋಕರ್ಣಕ್ಕೆ ಹೊರಟೆವು. ಅದಕ್ಕೆ ಹಿಂದಿನ ಎರಡು ರಜೆಗಳನ್ನು ನಾನು ಊರೂರು ಸುತ್ತುವುದರಲ್ಲೇ ಕಳೆದಿದ್ದೆ. ಮಗಳು ನನ್ನೊಂದಿಗೆ ಮಾತು ಬಿಟ್ಟಿದ್ದಳು. ಏನಾದರೂ ಸರಿ, ಈ ಸಲ ಮೂರು ದಿನ ಸಮುದ್ರದ ದಂಡೆಯಲ್ಲಿ ಒಳ್ಳೆಯ ತಾಯಿಯಾಗಿಬಿಡಬೇಕು ಎಂದು ತೀರ್ಮಾನ ಮಾಡಿದ್ದೆ. ಹೊರಡುವ ಬೆಳಗ್ಗೆ ಟ್ಯಾಕ್ಸಿಯವನು ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿದ್ದಾಗ ಚುಕ್ಕಿಯ ಕತ್ತಿನಲ್ಲಿ ಉಣ್ಣೆ ಕಂಡಿತು. ಉಣ್ಣೆ ತುಂಬಿದ ನಾಯಿಯನ್ನು ಅಕ್ಕನ ಮನೆಗೆ ಬಿಡುವುದು ಹೇಗೆ, ಅವರೇನು ತಿಳಿದುಕೊಳ್ಳುತ್ತಾರೆ ಎಂದು ಹಿಂದಿನ ವಾರ ತಂದಿಟ್ಟಿದ್ದ ಪೌಡರನ್ನು ಕತ್ತಿನಿಂದ ಬಾಲದವರೆಗೆ ಸುರಿದು ಉಜ್ಜಿದೆ. ಮರ್ಯಾದೆಗಾಗಿ ಮಾಡಿದ್ದು. ಸೋಪು ಹಾಕಿ ನನ್ನ ಕೈಯನ್ನು ಎರಡು ಸಲ ತೊಳೆದುಕೊಂಡದ್ದು ಚೆನ್ನಾಗಿ ನೆನಪಿದೆ. ಆಮೇಲೆ ಅಕ್ಕನ ಬಾಗಿಲಿಗೆ ಹೋಗಿ ಸರಪಳಿ ಅವರ ಕೈಗಿಟ್ಟು, ಮೊಸರನ್ನ ಸಾಕು, ಚಪಾತಿ ಕೊಡಬೇಡಿ, ರಾತ್ರಿ ಕಟ್ಟಿಹಾಕಿ ಎಂದು ಒಂದೇ ಉಸಿರಿನಲ್ಲಿ ಒದರಿದೆ. ಪೌಡರಿನ ಮಾತು ಮಾತ್ರ ಬಾಯಿಗೆ ಬರಲಿಲ್ಲ. ಅಕ್ಕನ ಇನ್ನೊಂದು ಕೈತುಂಬಾ ಸೊಪ್ಪಿತ್ತು. ಹುಳು ನಾಲ್ಕನೇ ಜ್ವರ ಎದ್ದಿವೆ, ಕೊನೇ ಪೊರೆ ಬಿಟ್ಟಾಯ್ತು, ಇನ್ನು ವಾರದಲ್ಲಿ ಗೂಡು ಕಟ್ತವೆ ಅಂತ ಖುಷಿಯಾಗಿ ಹೇಳಿ, "ನೀವು ಹೋಗ್ಬನ್ನಿ, ನಾನಿಲ್ವಾ" ಅಂದರು.

ಐದನೆಯ ದಿನ ಸಂಜೆ ನಾವು ಬಂದಿಳಿದಾಗ ಅಕ್ಕ ಹಿತ್ತಿಲ ಗುಂಡಿಯ ಹತ್ತಿರ ನಿಂತಿದ್ದರು. ಕೈಯಲ್ಲಿ ಹುಳುವಿನ ತಟ್ಟೆ. ಒಂದೊಂದಾಗಿ ತಂದು ಬಗ್ಗಿಸಿ ಸುರಿಯುತ್ತಿದ್ದರು. ಬೆರಳುದ್ದ ಬೆಳೆದಿದ್ದ ಹುಳುಗಳು ಮುದುರಿಕೊಂಡು, ಹಸಿರು ರಸ ಕಕ್ಕಿಕೊಂಡು ಬಿದ್ದಿದ್ದವು. ಕೆಲವು ಇನ್ನೂ ತಲೆ ಅಲ್ಲಾಡಿಸುತ್ತಿದ್ದವು. ಚುಕ್ಕಿ ಸೊಪ್ಪಿನ ಕೋಣೆಯಿಂದ ಓಡಿಬಂದು ಮಗಳ ಮೈಮೇಲೆ ಹಾರಿತು. ಅದರ ಬಟ್ಟಲು ತೊಳೆದು ಜಗಲಿಯ ಮೇಲೆ ಬೋರಲು ಹಾಕಿತ್ತು. ಅಂಥ ದಿನವೂ ಅಕ್ಕ ಅದಕ್ಕೆ ಹೊತ್ತಿಗೆ ಸರಿಯಾಗಿ ಅನ್ನ ಕಲಸಿ ಹಾಕಿದ್ದರು.

"ಔಷಧಿ ಹೊಡೆದ ಸೊಪ್ಪು ಕಣಮ್ಮ" ಅಂದರು. "ತಮ್ಮನ ತೋಟದ ಪಕ್ಕ ಟೊಮೆಟೊ ಹಾಕವ್ರಲ್ಲ, ಅಲ್ಲಿಂದ ಗಾಳೀಲಿ ಬಂದಿರ್ಬೇಕು. ಆ ಅಂಚಿನ ಸಾಲು ಕುಯ್ಬೇಡ ಅಂತ ಬಾಯಿ ಬಡ್ಕೊಂಡಿದ್ದೆ ಅವನಿಗೆ."

ನಾನು ಸೊಪ್ಪಿನ ಕೋಣೆಯ ಬಾಗಿಲಿಗೆ ಹೋದೆ. ಒದ್ದೆ ತಟ್ಟಿನಿಂದ ಆ ಪೌಡರಿನ ಘಾಟು ಇನ್ನೂ ಬರುತ್ತಿತ್ತು. ಸೊಪ್ಪಿನ ಹಸಿ ವಾಸನೆಯಲ್ಲಿ ಸ್ವಲ್ಪ ಅಡಗಿತ್ತು, ಅಷ್ಟೆ. ಗೊತ್ತಿದ್ದವರಿಗೆ ತಿಳಿಯುವಂಥದ್ದು. ಅಕ್ಕ ಆ ತಟ್ಟನ್ನೂ ತಂದು ಸುಡಬೇಕು, ನಂಜು ತಾಗಿರುತ್ತೆ ಅಂದಾಗ ನಾನೇ ಎತ್ತಿ ತಂದು ಕೊಟ್ಟೆ. ಸಹಾಯ ಮಾಡುವವಳ ಹಾಗೆ.

ರಾತ್ರಿ ಗಂಡನಿಗೆ ಹೇಳಿದೆ. ಅವರು "ಈಗ ಹೇಳಿ ಏನಾಗುತ್ತೆ?" ಅಂದರು. ಅವರನ್ನು ದೂರುವುದಿಲ್ಲ. ಯಾರಾದರೂ ಆ ಮಾತು ಹೇಳಲಿ ಎಂದು ನಾನು ಕಾಯುತ್ತಿದ್ದೆ. ಮರುದಿನ ರಾಯಚೂರಿಗೆ ಹೋಗಬೇಕಿತ್ತು, ಬಂದ ಮೇಲೆ ಹೇಳಿದರಾಯಿತು ಅಂದುಕೊಂಡೆ. ಬೆಳಗ್ಗೆ ಬ್ಯಾಗ್ ಹಿಡಿದು ಗೇಟಿಗೆ ಬಂದಾಗ ಅಕ್ಕನ ಅಂಗಳದಲ್ಲಿ ಅವರ ತಮ್ಮ, ಸೊಪ್ಪಿಲ್ಲದ ಬೈಕು ಹಿಡಿದು, ನಿಂತಿದ್ದರು.

"ನಿನ್ನಾಣೆ ಅಕ್ಕ, ನಾನು ಅಂಚಿನ ಸಾಲು ಮುಟ್ಟಿಲ್ಲ."

"ಮತ್ತೆ ಹುಳು ತಾವೇ ವಿಷ ಕುಡ್ದು ಸತ್ವೇನೋ? ಬೇಗ ಮುಗಿಸಿ ಮನೆಗೋಗೋ ಆತುರ ನಿನಗೆ. ಇನ್ನು ನಿನ್ನ ಸೊಪ್ಪೂ ಬೇಡ, ನಿನ್ನ ಮುಖಾನೂ ಬೇಡ. ಹೋಗು."

ಅವರಿಬ್ಬರ ನಡುವೆ ಹತ್ತು ಹೆಜ್ಜೆ, ನನಗೂ ಅವರಿಗೂ ಹತ್ತು ಹೆಜ್ಜೆ. ಬಾಯಿ ತೆರೆದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆಗ ನನ್ನ ತಲೆಯಲ್ಲಿ ಬಂದದ್ದನ್ನು ಇದ್ದ ಹಾಗೇ ಬರೆಯುತ್ತೇನೆ: ಹೇಳಿಬಿಟ್ಟರೆ ನಾಳೆಯಿಂದ ನಾಯಿಯನ್ನು ಯಾರು ನೋಡಿಕೊಳ್ಳುತ್ತಾರೆ, ಮಗಳು ಶಾಲೆಯಿಂದ ಬಂದು ಯಾರ ಮನೆಯಲ್ಲಿ ಕೂರುತ್ತಾಳೆ? ನಾಲ್ಕು ದಿನದ ಟೂರು ಮುಂದಿತ್ತು. ಅಕ್ಕ ನನ್ನ ಕಡೆ ತಿರುಗಿ, ಕಣ್ಣೊರೆಸಿಕೊಂಡು, "ನೀವು ಹೊರಡಮ್ಮ, ಬಸ್ಸು ತಪ್ಪತ್ತೆ" ಅಂದರು. ನಾನು ಹೊರಟೆ. ಬಸ್ಸು ತಪ್ಪಲಿಲ್ಲ.

ಅಲ್ಲಿಂದ ಮುಂದೆ ಪ್ರತಿ ಪ್ರವಾಸದಿಂದ ಬರುವಾಗಲೂ ಅಕ್ಕನಿಗೆ ಏನಾದರೂ ತರುತ್ತಿದ್ದೆ. ಬಳ್ಳಾರಿಯಿಂದ ಜೋಳದ ರೊಟ್ಟಿ, ಸೇಲಂನಿಂದ ಸೀರೆ. ಅವರಿಗೆ ಸಂಕೋಚವಾಗುವಷ್ಟು. "ಯಾಕಮ್ಮ ಇಷ್ಟೆಲ್ಲಾ" ಅಂದರೆ ನೀವು ನಮಗೆ ಮಾಡೋದರ ಮುಂದೆ ಇದೇನು ಮಹಾ ಅನ್ನುತ್ತಿದ್ದೆ. ಮಾರನೆ ವರ್ಷ ಗೌರಿ ಹಬ್ಬ ಬಂತು. ಅಕ್ಕ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟು, ಹೋಳಿಗೆ ಮಾಡಿ, ಮಧ್ಯಾಹ್ನದವರೆಗೆ ಜಗಲಿಯ ಮೇಲೆ ಕೂತಿದ್ದರು. ಯಾರೂ ಬರಲಿಲ್ಲ. ಕೊನೆಗೆ ಹೋಳಿಗೆ ಡಬ್ಬಿಯನ್ನು ನಮ್ಮ ಮನೆಗೆ ತಂದುಕೊಟ್ಟು, ತಮ್ಮನಿಗೆ ಇಷ್ಟ ಅಂತ ಜಾಸ್ತಿ ಮಾಡಿದ್ದೆ, ನಿಮ್ಮ ಮಗೂಗೆ ಕೊಡಿ ಅಂದರು. ನಾವು ಮೂವರೂ ತಿಂದೆವು. ಅದು ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಇಳಿಯಿತು, ಚೆನ್ನಾಗಿತ್ತು.

ಕೊಂಡ ಸೊಪ್ಪಿನಲ್ಲಿ ಅಕ್ಕ ಇನ್ನೆರಡು ಬೆಳೆ ತೆಗೆದರು. ಕೈಗೆ ಹತ್ತದೆ ಬಿಟ್ಟರು. ಹುಳು ಮನೆಯಲ್ಲಿ ಸೌದೆ ಒಟ್ಟಿದರು. ನಾವು ಚಿಕ್ಕಬಳ್ಳಾಪುರದಲ್ಲಿ ಸ್ವಂತ ಮನೆ ಮಾಡಿಕೊಂಡು ಹೊರಟುಬಂದೆವು. ಹೋಗುವ ದಿನ ಹೇಳಲೇಬೇಕು ಅಂದುಕೊಂಡಿದ್ದೆ. ಅವತ್ತು ಅಕ್ಕ ಚುಕ್ಕಿಯ ಕತ್ತು ತಬ್ಬಿಕೊಂಡು ಅತ್ತರು. ನಾಯಿಯನ್ನು ಅಷ್ಟು ಹಚ್ಚಿಕೊಂಡವರ ಮುಂದೆ ಅದರ ಮೇಲೆ ಹೇಗೆ ಹೇಳಲಿ... ಎಂದು ಅವತ್ತು ಇನ್ನೊಂದು ನೆಪ ಸಿಕ್ಕಿತು. ಹೇಳಬೇಕಾಗಿದ್ದದ್ದು ನನ್ನ ಮೇಲೆ, ನಾಯಿಯ ಮೇಲಲ್ಲ.

ಕಳೆದ ವರ್ಷ ಬಳ್ಳಾರಿಯ ಹೋಟೆಲಿನಲ್ಲಿದ್ದಾಗ ಹಳೆಯ ಬೀದಿಯವರೊಬ್ಬರು ಫೋನ್ ಮಾಡಿ ಅಕ್ಕ ಹೋಗಿಬಿಟ್ಟರು ಅಂದರು. ಎರಡು ದಿನದ ಜ್ವರವಂತೆ. ನನಗೆ ಮರುದಿನವೂ ಟ್ರೇನಿಂಗ್ ಇತ್ತು. ಹೋಗಲಿಲ್ಲ. ತಿಥಿಗೂ ಹೋಗಲಿಲ್ಲ, ಆಗ ಸೇಲಂನಲ್ಲಿದ್ದೆ. ಕಂಪನಿಯವರು ನನ್ನ ಬದಲು ಬೇರೆಯವರನ್ನು ಕಳಿಸಬಹುದಿತ್ತು, ನಾನು ಕೇಳಲಿಲ್ಲ.

ಔಷಧಿ ಅಂಗಡಿಯಿಂದ ಬಂದ ಭಾನುವಾರ ಅಕ್ಕನ ತಮ್ಮನ ಊರು ಹುಡುಕಿಕೊಂಡು ಹೋದೆ. ತೋಟದಲ್ಲಿ ಹಿಪ್ಪುನೇರಳೆ ಒಂದು ಗಿಡವೂ ಇರಲಿಲ್ಲ, ಎಲ್ಲಾ ಚೆಂಡುಹೂವು. ತಲೆ ನರೆತಿದ್ದ ಅವರು ನನ್ನ ಗುರುತು ಹಿಡಿದು, "ಅಕ್ಕನ ಪಕ್ಕದ ಮನೆ ಮೇಡಮ್ಮಲ್ವಾ" ಎಂದು ಕುರ್ಚಿ ಹಾಕಿದರು. ಅಕ್ಕ ಬೇಡ ಅಂದ ಸೊಪ್ಪು ಇನ್ಯಾರಿಗೆ ಅಂತ ಗಿಡ ಕೀಳಿಸಿದೆ ಅಂದರು. ಅವರು ಮುಂದೆ ಮಾತಾಡುವುದಕ್ಕೆ ಬಿಡದೆ, ನಾನು ಎಲ್ಲವನ್ನೂ ಹೇಳಿದೆ. ಪೌಡರು, ತಟ್ಟು, ಗೇಟಿನ ಹತ್ತಿರ ನಿಂತದ್ದು, ಸುಮ್ಮನಿದ್ದದ್ದು. ಯಾಕೆ ಸುಮ್ಮನಿದ್ದೆ ಅನ್ನುವುದನ್ನೂ ಬಿಡಲಿಲ್ಲ.

ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿ ಎಂದೇ ಹೋಗಿದ್ದೆನೋ ಏನೋ... ಅವರು ಬೈಯಲಿಲ್ಲ.

"ಔಷಧಿ ಡ್ರಮ್ಮು ತೊಳೀದೆ ಅದರಲ್ಲೇ ಸೊಪ್ಪಿಗೆ ನೀರು ಚಿಮುಕಿಸಿದ್ನಾ, ಗಾಡಿ ಮೇಲೆ ಏನಾದ್ರೂ ಚೆಲ್ಲಿತ್ತಾ ಅಂತ ಈವತ್ತಿನವರೆಗೂ ಯೋಚನೆ ಮಾಡ್ತಾ ಇದ್ದೆ ಮೇಡಮ್" ಅಂದರು. ಆಮೇಲೆ, "ಪ್ರತಿ ಗೌರಿ ಹಬ್ಬಕ್ಕೂ ಬಾಗಿನ ತಗೊಂಡು ಬಸ್ ಸ್ಟಾಪ್ ತಂಕ ಬರ್ತಿದ್ದೆ. ಅಲ್ಲಿಂದ ಅಕ್ಕನ ಜಗಲಿ ಕಾಣ್ಸತ್ತೆ. ಕೂತಿರೋಳು. ನಾನೇ ಹುಳು ಸಾಯಿಸ್ದೋನು, ಯಾವ ಮುಖ ಹೊತ್ಕೊಂಡು ಹೋಗ್ಲಿ ಅಂತ ವಾಪಸ್ ಬಂದ್ಬಿಡ್ತಿದ್ದೆ."

ಅವರ ಹೆಂಡತಿ ಕಾಫಿ ತಂದಿಟ್ಟರು. ಅಕ್ಕನ ತಮ್ಮ ಲೋಟವನ್ನು ನನ್ನ ಕಡೆ ಸರಿಸಿ, ತಗೊಳ್ಳಿ ಆರೋಗತ್ತೆ ಎಂದು ಹೇಳಿ, ಸಣ್ಣ ದನಿಯಲ್ಲಿ ಕೇಳಿದರು. "ನನ್ನ ತಪ್ಪಿಲ್ಲ ಅಂತ ಈಗ ಹೇಳಿದ್ರಿ. ಈಗ ನಾನು ಯಾರ ಮನೆಗೆ ಹೋಗ್ಲಿ ಮೇಡಮ್?"

ನಾನು ಲೋಟ ಎತ್ತಿಕೊಂಡು ಕಾಫಿ ಕುಡಿದೆ. ಆರಿರಲಿಲ್ಲ.